ತಮ್ಮನಿಗೆ ಕೊಟ್ಟದ್ದು

ಆ ಮನೆಯಲ್ಲಿ ಮಾವ ಸೊಸೆ ನೇರವಾಗಿ ಮಾತಾಡಿಕೊಳ್ಳುತ್ತಿದ್ದುದು ಕಡಿಮೆ. ಜಗಳವೇನೂ ಇರಲಿಲ್ಲ. ಇಬ್ಬರೂ ಮಾತು ಕಡಿಮೆಯವರು, ಅಷ್ಟೆ. ಅತ್ತೆ ಇದ್ದಷ್ಟು ಕಾಲ ಇಬ್ಬರ ಪಾಲಿನ ಮಾತನ್ನೂ ಆಕೆಯೇ ಆಡಿಬಿಡುತ್ತಿದ್ದರು. ಆಕೆ ತೀರಿಕೊಂಡ ಮೇಲೆ ಮನೆ ತೆಪ್ಪಗಾಯಿತು. ಆಮೇಲೆ ಮೊಮ್ಮಗಳು ಹುಟ್ಟಿ, ಮಾತು ಕಲಿತದ್ದೇ ತಡ, ಆ ಕೆಲಸ ಅವಳ ಹೆಗಲಿಗೆ ಬಿತ್ತು. "ತಾತಂಗೆ ಊಟಕ್ಕೆ ಬರಕ್ಕೆ ಹೇಳು" ಎಂದು ಸೊಸೆ ಅಡುಗೆಮನೆಯಿಂದ ಹೇಳಿದರೆ, ಮಗು ಓಡಿಹೋಗಿ "ತಾತ, ಊಟ ಬಂತು" ಎನ್ನುತ್ತಿತ್ತು. "ಅಮ್ಮಂಗೆ ಹೇಳು, ಸ್ವಲ್ಪ ಹೊತ್ತಾಗುತ್ತೆ" ಎಂದು ಮಾವ ಹೇಳಿದ್ದು ಅಡುಗೆಮನೆ ಮುಟ್ಟುವಷ್ಟರಲ್ಲಿ "ತಾತ ಬರಲ್ವಂತೆ" ಎಂದಾಗಿರುತ್ತಿತ್ತು. ಹೇಗೋ ಏನೋ, ಮನೆ ನಡೆಯುತ್ತಿತ್ತು.

ಮಗುವಿಗೆ ಬುಗುರಿ ಎಂಬ ಹೆಸರು ತಾತನೇ ಇಟ್ಟದ್ದು. ಮೂರು ತುಂಬಲು ಇನ್ನೂ ಸಮಯವಿತ್ತು, ಆದರೆ ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದವಳ ಹಾಗೆ ಕೂತಲ್ಲಿ ಕೂರುತ್ತಿರಲಿಲ್ಲ, ನಿಂತಲ್ಲಿ ನಿಲ್ಲುತ್ತಿರಲಿಲ್ಲ. ಅವಳು ನಿಲ್ಲುತ್ತಿದ್ದುದು ಒಂದೇ ಒಂದು ಆಟದಲ್ಲಿ. ತಾತ "ಸೆಲ್ ಹೋಯ್ತು" ಅಂದರೆ ಎತ್ತಿದ ಕಾಲು ಎತ್ತಿದ ಹಾಗೇ ಗಕ್ಕನೆ ನಿಲ್ಲಬೇಕು. ಬೆನ್ನಿಗೆ ಬೆರಳು ಒತ್ತಿ "ಸೆಲ್ ಹಾಕ್ದೆ" ಅಂದರೆ ಮತ್ತೆ ಓಡಬೇಕು.

ತಾತನದು ಗಡಿಯಾರ ರಿಪೇರಿಯ ಕೆಲಸ. ಮನೆಯ ಬೀದಿ ಕಡೆಯ ಕೋಣೆಯೇ ಅಂಗಡಿ. ಕಿಟಕಿಗೆ ಆನಿಸಿದ ಮೇಜು, ಬಗ್ಗಿಸಿದರೆ ಬಗ್ಗುವ ದೀಪ, ಕಣ್ಣಿಗೆ ಸಿಕ್ಕಿಸಿಕೊಳ್ಳುವ ಭೂತಗನ್ನಡಿ, ಗೋಡೆಯ ತುಂಬ ಒಂದೊಂದು ಹೊತ್ತು ತೋರಿಸುವ ಗಡಿಯಾರಗಳು. ಅಂಗಡಿಗೂ ನಡುಮನೆಗೂ ಮಧ್ಯೆ ಸೊಂಟದೆತ್ತರದ ಅರ್ಧ ಬಾಗಿಲಿತ್ತು. ಅದರ ಅಗಳಿ ಅಂಗಡಿಯ ಕಡೆಗೆ. ಕುರ್ಚಿಯಲ್ಲಿ ಕೂತೇ ಬಾಗಿಲ ಮೇಲಿಂದ ಮೊಮ್ಮಗಳ ಮೇಲೆ ಒಂದು ಕಣ್ಣಿಡಬಹುದಿತ್ತು. ಮಗ ದೂರದ ಊರುಗಳಿಗೆ ಬಸ್ಸು ಓಡಿಸುವವನು. ಇವತ್ತು ಹೋದರೆ ಬರುವುದು ನಾಳೆ. ಸೊಸೆ ಅಂಚೆ ಕಚೇರಿಯ ಕೌಂಟರಿನಲ್ಲಿ ಕೆಲಸ ಮಾಡುತ್ತಿದ್ದಳು. ಈಗ ಎರಡನೆಯ ಹೆರಿಗೆಗೆ ರಜೆ.

ಮಗು ಹೊಟ್ಟೆಯಲ್ಲಿದ್ದಾಗಲೇ ಅದು ತಮ್ಮ ಎಂದು ಬುಗುರಿ ತೀರ್ಮಾನ ಮಾಡಿಯಾಗಿತ್ತು. ಬೆಳಗ್ಗೆ ಎದ್ದವಳೇ ಅಮ್ಮನ ಹೊಟ್ಟೆಗೆ ಬಾಯಿಟ್ಟು, "ತಮ್ಮಾ, ಎದ್ಯಾ?" ಎಂದು ಕೂಗುತ್ತಿದ್ದಳು. ಅಂಗೈ ಇಟ್ಟುಕೊಂಡು ಕಾಯುತ್ತಿದ್ದಳು. ಒಳಗಿಂದ ಒದೆ ಬಿದ್ದರೆ ಮುಖ ಅರಳುತ್ತಿತ್ತು. "ಒದ್ದ" ಎಂದು ತಾತನಿಗೆ ವರದಿ ಒಪ್ಪಿಸಲು ಓಡುತ್ತಿದ್ದಳು.

ಹುಟ್ಟಿದ್ದು ಗಂಡೇ. ಆದರೆ ಹೆಸರಿನ ವಿಷಯದಲ್ಲಿ ಗಂಡ ಹೆಂಡತಿಗೆ ಒಮ್ಮತವಾಗಲಿಲ್ಲ. ಅವನು ಹೇಳಿದ್ದು ಇವಳಿಗೆ ಹಿಡಿಸದು, ಇವಳು ಹೇಳಿದ್ದು ಅವನಿಗೆ. ಹಾಗಾಗಿ ಎಲ್ಲರ ಬಾಯಲ್ಲೂ ಅದು ಪಾಪು. ಶ್, ಪಾಪು ಮಲಗಿದೆ. ಪಾಪು ಹಾಲು ಕುಡೀತಿದೆ, ಆಮೇಲೆ ಬಾ. ಪಾಪು ಹತ್ರ ಕುಣೀಬೇಡ. ಬುಗುರಿಯ ಇಡೀ ದಿನ ಈ ಪಾಪುವಿನ ಸುತ್ತ ಕಟ್ಟಿದ ಬೇಲಿಯಾಗಿಬಿಟ್ಟಿತು. ಒಂದು ಸಲ ಅವಳು ಟವೆಲು ತಂದು ಪಾಪುವಿನ ಮುಖ ಪೂರ್ತಿ ಮುಚ್ಚಿಬಿಟ್ಟಳು. ಕಣ್ಣುಮುಚ್ಚಾಲೆ ಆಡುತ್ತಿದ್ದಳೋ ಏನೋ, ಸೊಸೆಗೆ ಮಾತ್ರ ಜೀವ ಬಾಯಿಗೆ ಬಂದಿತ್ತು. ಟವೆಲು ಕಿತ್ತೆಸೆದು ಮಗಳ ಕೈ ಮೇಲೆ ಒಂದೇಟು ಹಾಕಿದಳು. ಅಂದಿನಿಂದ ಅವಳು ಮಗಳನ್ನು ನೋಡುವ ರೀತಿಯೇ ಬೇರೆಯಾಯಿತು. ಬುಗುರಿ ತೊಟ್ಟಿಲ ಹತ್ತಿರ ಸುಳಿದರೆ ಸಾಕು, ಮಾಡುತ್ತಿದ್ದ ಕೆಲಸ ಬಿಟ್ಟು ಎದ್ದು ಬರುತ್ತಿದ್ದಳು. ಹೆತ್ತ ಮಗಳನ್ನು ಕಂಡು ಹೆದರುತ್ತಿದ್ದೇನೆ ಎಂದು ಯಾರ ಹತ್ತಿರ ಹೇಳಿಕೊಳ್ಳುವುದು? ಗಂಡನಿಗೂ ಹೇಳಿರಲಿಲ್ಲ.

ಅದು ನಡೆದ ದಿನ ಬೆಳಗ್ಗೆ ಪಾಪು ಹಾಲು ಕುಡಿದು ಬೇಗ ನಿದ್ದೆಹೋಯಿತು. ಬುಗುರಿ ನಡುಮನೆಯಲ್ಲಿ ಡಬ್ಬಿಗಳನ್ನು ಒಂದರ ಮೇಲೊಂದು ಪೇರಿಸುತ್ತ ಕೂತಿದ್ದಳು. "ತಾತಂಗೆ ಹೇಳು, ಅಮ್ಮ ಸ್ನಾನಕ್ಕೆ ಹೋಗ್ತಾಳೆ, ನೋಡ್ಕೋಬೇಕಂತೆ ಅಂತ" ಎಂದಳು ಸೊಸೆ. "ತಾತಾ, ಸ್ನಾನ ಮಾಡ್ಬೇಕಂತೆ" ಎಂದು ಬುಗುರಿ ಕೂತಲ್ಲಿಂದಲೇ ಕೂಗಿದಳು. ಮಾವನಿಗೆ ಅರ್ಥವಾಯಿತು. "ಹೂಂ" ಎಂದರು.

ಸ್ವಲ್ಪ ಹೊತ್ತಿನಲ್ಲಿ ಅವರು ಚಹಾ ಕುಡಿದ ಲೋಟ ಒಳಗಿಟ್ಟು ಬಂದು ಮತ್ತೆ ಕುರ್ಚಿಯಲ್ಲಿ ಕೂತರು. ಅದೇ ಹೊತ್ತಿಗೆ ಗಿರಾಕಿಯೊಬ್ಬಳು ಬಂದಳು, ಕೈಗಡಿಯಾರ ನಿಂತುಹೋಗಿದೆ ಎಂದು. ಮಾವ ಹಿಂಬದಿಯ ಮುಚ್ಚಳ ತೆಗೆದು ನೋಡಿ, ಎಲ್ಲ ಗಿರಾಕಿಗಳಿಗೂ ಹೇಳುವುದನ್ನೇ ಹೇಳಿದರು. "ಏನೂ ಆಗಿಲ್ಲಮ್ಮ. ಸೆಲ್ ಹೋಗಿದೆ. ಹಾಕಿದ್ರೆ ಎದ್ದೇಳುತ್ತೆ." ಹೊಸ ಸೆಲ್ಲನ್ನು ಕಾಗದದಿಂದ ಬಿಡಿಸಿ ಪುಟ್ಟ ತಟ್ಟೆಯಲ್ಲಿಟ್ಟರು. ಅಷ್ಟರಲ್ಲಿ ಆಕೆ ಪಟ್ಟಿಯೂ ಹಳತಾಗಿದೆ, ಬದಲಾಯಿಸಿಕೊಡಿ ಎಂದಳು. ಮಾವ ಬೆನ್ನು ತಿರುಗಿಸಿ ಬೀರುವಿನಿಂದ ಪಟ್ಟಿಗಳ ಪೆಟ್ಟಿಗೆ ತೆಗೆದರು. ಕಂದು ಬಣ್ಣದ್ದು ತೋರಿಸಿದರು, ಕಪ್ಪು ತೋರಿಸಿದರು. ಆಕೆಯ ಕಣ್ಣೂ ಪಟ್ಟಿಗಳ ಮೇಲೇ ಇತ್ತು. ಆಕೆ ಒಂದನ್ನು ಆರಿಸಿ, ಸಂಜೆ ಬರುತ್ತೇನೆಂದು ಹೋದಳು. ತಿರುಗಿ ಕೂತು ನೋಡಿದರೆ ತಟ್ಟೆ ಖಾಲಿ.

ಮೇಜಿನ ಮೇಲೆ ಕೈಯಾಡಿಸಿದರು. ಬಗ್ಗಿ ಮೇಜಿನ ಕೆಳಗೆ ನೋಡಿದರು. ಬಗ್ಗಿದವರಿಗೆ ಅರ್ಧ ಬಾಗಿಲು ಕಾಣಿಸಿತು. ಅಗಳಿ ಬಿದ್ದಿರಲಿಲ್ಲ. ಬಾಗಿಲು ಒಂದು ಗೇಣು ತೆರೆದಿತ್ತು.

ನಡುಮನೆಯಲ್ಲಿ ಡಬ್ಬಿಗಳು ಚೆಲ್ಲಾಪಿಲ್ಲಿಯಾಗಿದ್ದವು. ಬುಗುರಿ ಕೋಣೆಯೊಳಗೆ, ತೊಟ್ಟಿಲಿನ ಪಕ್ಕದಲ್ಲಿ ನಿಂತಿದ್ದಳು.

"ಬುಗುರಿ, ತಟ್ಟೆಯಲ್ಲಿ ಸೆಲ್ ಇತ್ತಲ್ಲ, ನೀನು ತಗೊಂಡ್ಯಾ?"

"ಹೂಂ."

"ಎಲ್ಲಿ, ಕೊಡಮ್ಮ."

"ತಮ್ಮಂಗೆ ಕೊಟ್ಟೆ."

ಮಾವ ಹತ್ತಿರ ಬಂದರು. "ಕೊಟ್ಟೆ ಅಂದ್ರೆ? ಎಲ್ಲಿಟ್ಟೆ?"

"ಹೊಟ್ಟೇಲಿ" ಎಂದಳು ಬುಗುರಿ, ಇದೇನು ಕೇಳುತ್ತಾರೆ ಎಂಬಂತೆ.

ತೊಟ್ಟಿಲಲ್ಲಿ ಪಾಪು ಎಚ್ಚರವಾಗಿತ್ತು. ಗಲ್ಲದ ಮೇಲೆ ಜೊಲ್ಲು ಇಳಿದಿತ್ತು. ಮಾವ ನೋಡುತ್ತಿದ್ದ ಹಾಗೆಯೇ ಅದು ಕೆಮ್ಮಿದಂತೆ ಒಂದು ಸಣ್ಣ ಸದ್ದು ಮಾಡಿತು.

ಬಚ್ಚಲ ಬಾಗಿಲು ದಡದಡ ಬಡಿದ ಸದ್ದಿಗೆ ಸೊಸೆ ಬೆಚ್ಚಿಬಿದ್ದಳು. "ಅಮ್ಮಾ, ಬೇಗ ಆಚೆ ಬಾ ತಾಯಿ." ಮದುವೆಯಾಗಿ ಬಂದಾಗಿನಿಂದ ಮಾವ ತನ್ನನ್ನು ಹೀಗೆ ಕೂಗಿದ್ದು ಅವಳಿಗೆ ನೆನಪಿರಲಿಲ್ಲ. ಕೈಗೆ ಸಿಕ್ಕ ಬಟ್ಟೆ ಸುತ್ತಿಕೊಂಡು, ತಲೆಯಿಂದ ನೀರು ಸೋರುತ್ತಿರುವಂತೆಯೇ ಹೊರಗೆ ಬಂದಳು. ಮಾವ ಒಂದೇ ಉಸಿರಿಗೆ ಎಲ್ಲವನ್ನೂ ಹೇಳಿದರು. ಏನನ್ನೂ ಮುಚ್ಚಿಡಲಿಲ್ಲ. ಬೇರೆ ಯಾರಾದರೂ ಆಗಿದ್ದರೆ ಮೊದಲು ಮೂಲೆಮೂಲೆ ತಡಕಾಡಿ, ಸಿಗುತ್ತದೇನೋ ನೋಡಿ, ಆಮೇಲೆ ಬಾಯಿ ಬಿಡುತ್ತಿದ್ದರು. "ಅಗಳಿ ಹಾಕೋದು ಮರೆತೆ. ತಪ್ಪು ನನ್ನದು" ಎಂದರು ಕೊನೆಗೆ.

ಸೊಸೆಯ ಕಿವಿಗೆ ಅದು ಬೀಳಲಿಲ್ಲ. ಪಾಪುವಿನ ಬಾಯಿಗೆ ಬೆರಳು ಹಾಕಿ ನಾಲಗೆಯ ಕೆಳಗೆ, ಕೆನ್ನೆಯ ಸಂದಿಯಲ್ಲಿ ನೋಡಿದಳು. ಏನೂ ಇರಲಿಲ್ಲ. ಪಾಪು ಕಿರುಚಿತು. ಅವಳು ಬುಗುರಿಯ ಎರಡೂ ಭುಜ ಹಿಡಿದು ಅಲ್ಲಾಡಿಸಿದಳು. "ಬಾಯಿಗೆ ಹಾಕಿದ್ಯಾ? ಪಾಪು ಬಾಯಿಗೆ ಹಾಕಿದ್ಯಾ? ಹೇಳು."

ಬುಗುರಿ ಮೊದಲು "ಹೂಂ" ಎಂದಳು. ಅಮ್ಮನ ಮುಖ ನೋಡಿ "ಇಲ್ಲ" ಎಂದಳು. ಆಮೇಲೆ ತುಟಿ ಬಿಗಿದುಕೊಂಡು ಅಳತೊಡಗಿದಳು.

"ಅವಳನ್ನ ಕೇಳ್ತಾ ಕೂತ್ರೆ ಆಗಲ್ಲ" ಎಂದರು ಮಾವ. "ಅಂಥ ಸೆಲ್ ಗಂಟಲಲ್ಲಿ ಸಿಕ್ಕಿಕೊಂಡ್ರೆ ಒಳಗೆ ಸುಟ್ಟುಬಿಡುತ್ತೆ. ನಡಿ, ಆಸ್ಪತ್ರೆಗೆ ಹೋಗೋಣ. ಬಟ್ಟೆ ಹಾಕ್ಕೋ. ನಾನು ಯಾವುದಾದ್ರೂ ಗಾಡಿ ನಿಲ್ಲಿಸ್ತೀನಿ."

ಪಕ್ಕದ ಡ್ರೈಕ್ಲೀನಿಂಗ್ ಅಂಗಡಿಯವನು ಬಟ್ಟೆ ತಲುಪಿಸಲು ವ್ಯಾನಿನಲ್ಲಿ ಹೊರಟಿದ್ದ. ಮಾವ ನಡುಬೀದಿಯಲ್ಲಿ ಕೈ ಅಗಲಿಸಿ ನಿಂತದ್ದನ್ನು ಕಂಡು ಅವನು ಏನು ಎತ್ತ ಎಂದು ಕೇಳದೆ ಹಿಂದಿನ ಬಾಗಿಲು ತೆರೆದ. ಒಳಗೆ ಸಾಲಾಗಿ ತೂಗುಬಿಟ್ಟ ಕೋಟುಗಳು, ಪ್ಲಾಸ್ಟಿಕ್ ಹೊದಿಕೆಯ ಸರಬರ ಸದ್ದು, ಇಸ್ತ್ರಿಯ ಬಿಸಿ ವಾಸನೆ. ಸೊಸೆ ಕೋಟುಗಳ ಕೆಳಗೆ ಪಾಪುವನ್ನು ಎದೆಗವಚಿಕೊಂಡು ಕುಸಿದು ಕೂತಳು. ಮಾವ ಎದುರಿಗೆ, ಅವರ ತೊಡೆಯ ಮೇಲೆ ಬುಗುರಿ. ವ್ಯಾನು ತಿರುಗಿದಾಗಲೆಲ್ಲ ಕೋಟುಗಳ ತೋಳುಗಳು ಬಂದು ಬುಗುರಿಯ ತಲೆ ಸವರಿ ಹೋಗುತ್ತಿದ್ದವು. ಅವಳ ಅಳು ಅಲ್ಲಿಗೇ ನಿಂತಿತು.

"ಇದು ಯಾರ ಕೋಟು?"

"ಯಾರೋ ಮದುವೆ ಗಂಡಿಂದು."

"ಇದು?"

"ಅವರ ಅಪ್ಪಂದು."

ಸೊಸೆ ಕಣ್ಣೆತ್ತಿ ಮಗಳನ್ನು ನೋಡಿದಳು. ಎಷ್ಟು ಆರಾಮಾಗಿ ಕೂತಿದ್ದಾಳೆ, ಏನೂ ಮಾಡದವಳ ಹಾಗೆ. ಒಂದು ಗಳಿಗೆ ಅವಳಿಗೆ ಆ ಮುಖ ನೋಡಲಾಗಲಿಲ್ಲ. ಮರುಗಳಿಗೆಗೆ ತನ್ನ ಮೇಲೆಯೇ ಅಸಹ್ಯವಾಯಿತು. ಬಗ್ಗಿ ಪಾಪುವಿನ ಮೂಗಿನ ಹತ್ತಿರ ಕೆನ್ನೆ ಇಟ್ಟಳು. ಉಸಿರು ಬೆಚ್ಚಗೆ ತಾಗುತ್ತಿತ್ತು.

ಆಸ್ಪತ್ರೆಯ ತುರ್ತು ವಿಭಾಗದಲ್ಲಿ ಅವರನ್ನು ಯಾರೂ ಕಾಯಿಸಲಿಲ್ಲ. ವೈದ್ಯೆ ಚಿಕ್ಕ ವಯಸ್ಸಿನವಳು. ಕನ್ನಡಕವನ್ನು ತಲೆಗೂದಲಿಗೆ ಸಿಕ್ಕಿಸಿಕೊಂಡು, ಮಾವ ಹೇಳಿದ್ದನ್ನೆಲ್ಲ ಕೇಳಿಸಿಕೊಂಡಳು. ಸೆಲ್ಲು ಎಷ್ಟು ದೊಡ್ಡದು ಎಂದು ಕೇಳಿದಾಗ ಮಾವ ತಮ್ಮ ಕಿರುಬೆರಳಿನ ಉಗುರು ತೋರಿಸಿದರು.

"ಒಳ್ಳೇದು ಮಾಡಿದ್ರಿ, ತಕ್ಷಣ ಬಂದಿರಿ. ಮಗುಗೆ ಏನೂ ಕುಡಿಸಬೇಡಿ. ಮೊದಲು ಎಕ್ಸ್‌ರೇ ನೋಡೋಣ. ಅಕ್ಕನಿಗೂ ತೆಗೆಯೋಣ. ಇವಳು ತಾನೇ ನುಂಗಿ ತಮ್ಮನ ಮೇಲೆ ಹಾಕ್ತಿರಬಹುದು."

ಎಕ್ಸ್‌ರೇ ಕೋಣೆ ತಣ್ಣಗಿತ್ತು. ತಂತ್ರಜ್ಞ ಸೊಸೆಗೆ ಭಾರವಾದ ಸೀಸದ ಅಂಗಿ ತೊಡಿಸಿ, ಮಗುವಿನ ಕೈಗಳನ್ನು ತಲೆಯ ಮೇಲಕ್ಕೆ ಹಿಡಿದುಕೊಳ್ಳಲು ಹೇಳಿದ. ಪಾಪು ತಣ್ಣನೆಯ ಹಲಗೆಯ ಮೇಲೆ ಮಲಗಿ ಕಿಟಾರನೆ ಕಿರುಚಿತು. ಯಂತ್ರ ಒಮ್ಮೆ ಗುಂಯ್ ಎಂದಿತು. ಅಷ್ಟೆ.

ಪರದೆಯ ಮೇಲೆ ಚಿತ್ರ ಮೂಡಿದಾಗ ಮಾವ ಬಾಗಿಲ ಬಳಿಯಿಂದ, ಸೊಸೆ ಪಾಪುವನ್ನು ಎತ್ತಿಕೊಂಡು ವೈದ್ಯೆಯ ಭುಜದ ಹಿಂದಿನಿಂದ ನೋಡುತ್ತಿದ್ದರು. ದಾರದ ಹಾಗೆ ತೆಳ್ಳನೆಯ ಪಕ್ಕೆಲುಬುಗಳು. ಅವುಗಳ ನಡುವೆ, ಎದೆಯ ಮೇಲ್ಭಾಗದಲ್ಲಿ, ದುಂಡಗೆ ಬೆಳ್ಳಗೆ ಒಂದು ಚುಕ್ಕೆ.

ಮಾವ ಬಾಗಿಲಿನ ಚೌಕಟ್ಟನ್ನು ಹಿಡಿದುಕೊಂಡರು. ವೈದ್ಯೆ ಕನ್ನಡಕ ಕೆಳಗಿಳಿಸಿ ಪರದೆಯ ಹತ್ತಿರ ಬಾಗಿದಳು. ನೋಡಿದಳು. ಮತ್ತೆ ನೋಡಿದಳು. ಆಮೇಲೆ ತಂತ್ರಜ್ಞನ ಕಡೆ ತಿರುಗಿ, "ಅಂಗಿ ಬಿಚ್ಚಿದ್ರಾ?" ಎಂದಳು.

"ಬಿಚ್ಚಿದ್ವಲ್ಲ ಮೇಡಂ."

"ಒಳಗಂಗಿ?"

ಸೊಸೆ ಎತ್ತಿಕೊಂಡಿದ್ದ ಮಗುವಿನ ಬೆನ್ನು ಸವರಿ ನೋಡಿದಳು. ಒಳಗಂಗಿಯನ್ನು ಬಿಚ್ಚಿ ಕತ್ತಿನ ಕಡೆಗೆ ಸರಿಸಿದ್ದರು, ಪೂರ್ತಿ ತೆಗೆದಿರಲಿಲ್ಲ. ಅದರ ಒಂದೇ ಒಂದು ಟಿಚ್ ಬಟನ್ ಮುದುರಿದ ಬಟ್ಟೆಯೊಳಗೆ ಮಗುವಿನ ಬೆನ್ನ ಹಿಂದೆ ಸೇರಿಕೊಂಡಿತ್ತು.

"ಇನ್ನೊಂದು ಸಲ ತೆಗೀರಿ" ಎಂದಳು ವೈದ್ಯೆ.

ಎರಡನೆಯ ಚಿತ್ರದಲ್ಲಿ ಪಕ್ಕೆಲುಬುಗಳು ಹಾಗೇ ಇದ್ದವು. ಚುಕ್ಕೆ ಇರಲಿಲ್ಲ. ಗಂಟಲಲ್ಲಿ ಇಲ್ಲ, ಎದೆಯಲ್ಲಿ ಇಲ್ಲ, ಹೊಟ್ಟೆಯಲ್ಲಿ ಇಲ್ಲ. ವೈದ್ಯೆ ಬೆರಳಿಟ್ಟು ಒಂದೊಂದೇ ಜಾಗ ತೋರಿಸಿ ಹೇಳಿದಳು. "ಇಲ್ಲಿ ಕಪ್ಪಗಿದೆಯಲ್ಲ, ಅದು ಗಾಳಿ. ಹಾಲು ಕುಡಿಯುವಾಗ ನುಂಗಿರ್ತಾನೆ. ಬೇರೇನೂ ಇಲ್ಲ. ನಿಮ್ಮ ಮಗ ಚೆನ್ನಾಗಿದಾನೆ."

ಸೊಸೆ ಪಾಪುವನ್ನು ಎದೆಗೊತ್ತಿಕೊಂಡಳು. ಸೀಸದ ಅಂಗಿ ಬಿಚ್ಚುವುದನ್ನೂ ಮರೆತು ಹಾಗೇ ನೆಲದ ಮೇಲೆ ಕೂತುಬಿಟ್ಟಳು. ಪಾಪು ಅವಳ ತೊಡೆಯ ಮೇಲೆ ಬಿಕ್ಕುತ್ತ ಬಿಕ್ಕುತ್ತ ಸುಮ್ಮನಾಯಿತು.

ಇನ್ನು ಬುಗುರಿಯ ಸರದಿ. ಅವಳಿಗೆ ನಿಂತೇ ತೆಗೆಯಬೇಕಿತ್ತು. ಕೋಣೆಯೊಳಗೆ ಬಿಟ್ಟದ್ದೇ ತಡ, ಯಂತ್ರದ ಸುತ್ತ ಎರಡು ಸುತ್ತು ಬಂದು, ಗುಂಡಿ ಒತ್ತಲು ಕೈ ಚಾಚಿದಳು. "ಅಲ್ಲಾಡ್ದೆ ನಿಲ್ಲು ಮರಿ, ಫೋಟೊ ತೆಗಿಯೋಣ" ಎಂದು ತಂತ್ರಜ್ಞ ಪರಿಪರಿಯಾಗಿ ಬೇಡಿಕೊಂಡ. ನಿಂತರೆ ತಾನೇ? ಕೊನೆಗೆ ಮಾವ ಸೀಸದ ಅಂಗಿ ತೊಟ್ಟುಕೊಂಡು ಒಳಗೆ ಬಂದು, ಅವಳನ್ನು ಹಲಗೆಗೆ ಆನಿಸಿ, "ಸೆಲ್ ಹೋಯ್ತು" ಎಂದರು.

ಬುಗುರಿ ಗಕ್ಕನೆ ನಿಂತಳು. ರೆಪ್ಪೆಯೂ ಅಲುಗಲಿಲ್ಲ. ಬಾಯಿ ಅರ್ಧ ತೆರೆದದ್ದು ತೆರೆದ ಹಾಗೇ ಇತ್ತು. ಯಂತ್ರ ಗುಂಯ್ ಎಂದಿತು. ಮಾವ ಬೆನ್ನಿಗೆ ಬೆರಳು ಒತ್ತಿ "ಹಾಕ್ದೆ" ಎಂದ ಮೇಲೇ ಅವಳು ಉಸಿರು ಬಿಟ್ಟದ್ದು. "ಈ ಮಂತ್ರ ನಮಗೂ ಹೇಳಿಕೊಡಿ ಅಜ್ಜ" ಎಂದ ತಂತ್ರಜ್ಞ.

ಅವಳ ಹೊಟ್ಟೆಯಲ್ಲೂ ಏನೂ ಇರಲಿಲ್ಲ. "ಇಬ್ಬರೂ ಚೆನ್ನಾಗಿದಾರೆ. ಸೆಲ್ಲು ಮನೆಯಲ್ಲೇ ಎಲ್ಲೋ ಇದೆ. ಅದನ್ನ ಹುಡುಕಿ ಮೊದಲು ಎತ್ತಿಡಿ" ಎಂದಳು ವೈದ್ಯೆ. ಇನ್ನು ಮೇಲೆ ಸೆಲ್ಲುಗಳನ್ನು ಮುಚ್ಚಳವಿರುವ ಡಬ್ಬಿಯಲ್ಲಿ, ಮಕ್ಕಳ ಕೈಗೆ ಎಟುಕದ ಕಡೆ ಇಡಿ ಎಂದು ಮಾವನಿಗೆ ಹೇಳಿದಳು. ಮಾವ ಶಾಲೆಯ ಹುಡುಗನ ಹಾಗೆ ತಲೆಯಾಡಿಸಿದರು.

ಹೊರಗಿನ ಬೆಂಚಿನಲ್ಲಿ ಸೊಸೆ ಪಾಪುವಿಗೆ ಹಾಲು ಕುಡಿಸಿದಳು. ಪಕ್ಕದಲ್ಲಿ ಕೂತ ಮಾವ ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದು ಒರೆಸಿದರು. ಕನ್ನಡಕದಲ್ಲಿ ಏನೂ ಇರಲಿಲ್ಲ, ಒದ್ದೆಯಾಗಿದ್ದುದು ಕಣ್ಣು.

"ಅಗಳಿ ಹಾಕೋದು ನಾನೂ ಎಷ್ಟೋ ಸಲ ಮರೆತಿದೀನಿ ಮಾವ" ಎಂದಳು ಸೊಸೆ, ತಲೆಯೆತ್ತದೆ. "ನೀವು ತಕ್ಷಣ ಹೇಳಿದ್ರಲ್ಲ, ಅಷ್ಟು ಸಾಕು ನನಗೆ."

ಮಾವ ಕನ್ನಡಕ ಹಾಕಿಕೊಂಡರು. ಆಮೇಲೆ, "ತಲೆ ಒರೆಸ್ಕೋ, ಇನ್ನೂ ಹಸಿ ಇದೆ. ಶೀತ ಆಗುತ್ತೆ" ಎಂದು ತಮ್ಮ ಕರವಸ್ತ್ರ ಕೊಟ್ಟರು.

ಮನೆಗೆ ಬಂದವರೇ ಇಬ್ಬರೂ ಹುಡುಕಲು ನಿಂತರು. ಜಮಖಾನ ಕೊಡವಿದರು. ತೊಟ್ಟಿಲಿನ ಹಾಸಿಗೆ ಬಿಚ್ಚಿ ನೋಡಿದರು. ಮತ್ತೆ ಹಾಸಿ ಸೊಸೆ ಪಾಪುವನ್ನು ಮಲಗಿಸಿದಳು. ಮಾವ ಭೂತಗನ್ನಡಿ ಕಣ್ಣಿಗೆ ಸಿಕ್ಕಿಸಿಕೊಂಡು ನೆಲದ ಮೇಲೆ ಅಂಬೆಗಾಲಿಟ್ಟರು. ಅವರ ಹಿಂದೆ ಬುಗುರಿಯೂ ಅಂಬೆಗಾಲಿಟ್ಟು ಬಂದಳು, ಇದೇನೋ ಹೊಸ ಆಟವೆಂದು. ಸೆಲ್ಲು ಸಿಗಲಿಲ್ಲ.

ಕೊನೆಗೆ ಸೊಸೆ ನೆಲದ ಮೇಲೆ ಕೂತು ಮಗಳನ್ನು ಹತ್ತಿರಕ್ಕೆ ಕರೆದಳು. ಈ ಸಲ ಭುಜ ಹಿಡಿಯಲಿಲ್ಲ. ಹಣೆಯ ಮೇಲಿನ ಕೂದಲು ಸರಿಸಿದಳು. "ಕಂದ, ತಮ್ಮಂಗೆ ಸೆಲ್ ಕೊಟ್ಟೆ ಅಂದ್ಯಲ್ಲ. ಹೇಗೆ ಕೊಟ್ಟೆ, ಅಮ್ಮಂಗೆ ತೋರಿಸ್ತೀಯಾ?"

ತೋರಿಸು ಎಂದು ಬೆಳಗಿನಿಂದ ಯಾರೂ ಕೇಳಿರಲಿಲ್ಲ. ಬುಗುರಿ ಅಮ್ಮನ ಬೆರಳು ಹಿಡಿದು ಎಬ್ಬಿಸಿದಳು. ತೊಟ್ಟಿಲನ್ನು ದಾಟಿಕೊಂಡು, ಅದರ ಕಡೆ ತಿರುಗಿಯೂ ನೋಡದೆ, ಕೋಣೆಯ ಬಾಗಿಲ ಹಿಂದಕ್ಕೆ ಕರೆದುಕೊಂಡು ಹೋದಳು. ಅಲ್ಲಿ ಮೊಳೆಗೆ ಒಂದು ನೀಲಿ ಗೌನು ನೇತುಹಾಕಿತ್ತು. ಬಸುರಿಯಾಗಿದ್ದಾಗ ಸೊಸೆ ಮನೆಯಲ್ಲಿ ತೊಡುತ್ತಿದ್ದ, ಹೊಟ್ಟೆಯ ಮೇಲೆ ಅಗಲವಾದ ಜೇಬಿದ್ದ ದೊಗಳೆ ಗೌನು. ಹೆರಿಗೆಯಾದ ಮೇಲೆ ಅದನ್ನು ತೊಟ್ಟಿರಲಿಲ್ಲ. ಒಗೆದು ನೇತುಹಾಕಿದ್ದು ಹಾಗೇ ಇತ್ತು.

ಬುಗುರಿ ತುದಿಗಾಲಲ್ಲಿ ನಿಂತು ಜೇಬಿನೊಳಗೆ ಕೈ ಇಳಿಸಿದಳು. "ಇಲ್ಲಿ."

ಸೊಸೆ ಜೇಬನ್ನು ಹಾಸಿಗೆಯ ಮೇಲೆ ಬರಿದು ಮಾಡಿದಳು. ಅರ್ಧ ಕಚ್ಚಿದ ಬಿಸ್ಕತ್ತು. ಒಂದು ಕೆಂಪು ಬಣ್ಣದ ಪೆನ್ಸಿಲ್ ತುಂಡು. ಹೇರ್‌ಕ್ಲಿಪ್ಪು. ವಾರದಿಂದ ಕಾಣೆಯಾಗಿದ್ದ ಚಮಚ. ಪಾಪುವಿನ ಒಂಟಿ ಕಾಲುಚೀಲ. ಎಲ್ಲದರ ಕೊನೆಗೆ, ಮೂಲೆಯಲ್ಲಿ ಸಿಕ್ಕಿಕೊಂಡಿದ್ದ ಸೆಲ್ಲು ಟಪ್ಪೆಂದು ಉದುರಿತು. ಮಾವ ಅದನ್ನು ಎತ್ತಿ ಮುಷ್ಟಿಯಲ್ಲಿ ಬಿಗಿಹಿಡಿದು, ಗೋಡೆಗೆ ಒರಗಿ ಕಣ್ಣು ಮುಚ್ಚಿಕೊಂಡರು.

ಸೊಸೆಗೆ ಈಗ ನೆನಪಾಯಿತು. ತಮ್ಮನಿಗೆ ತಿನಿಸುವ ಈ ಆಟ ಕಲಿಸಿದವಳು ತಾನೇ. ಕೊನೆಯ ತಿಂಗಳುಗಳಲ್ಲಿ ಬಗ್ಗಲಾಗದೆ ಕುರ್ಚಿಯಲ್ಲಿ ಕೂತಿರುವಾಗ ಬುಗುರಿ ತಾನು ತಿನ್ನುವುದರಲ್ಲಿ ಒಂದು ಚೂರು ತಂದು ತಮ್ಮನಿಗೆ ಎಂದು ಆ ಜೇಬಿಗೆ ಹಾಕುತ್ತಿದ್ದಳು. "ತಮ್ಮ ತಿಂದ, ಚೆನ್ನಾಗಿದೆಯಂತೆ" ಎಂದು ಇವಳು ಹೇಳುತ್ತಿದ್ದಳು. ಪಾಪು ಹುಟ್ಟಿದ ಮೇಲೆ ಹಾಲು, ನಿದ್ದೆಗೇಡು, ಒದ್ದೆಬಟ್ಟೆಗಳ ನಡುವೆ ಅದೆಲ್ಲ ತಲೆಯಿಂದ ಹಾರಿಹೋಗಿತ್ತು. ಬುಗುರಿ ಮರೆತಿರಲಿಲ್ಲ. ದಿನಾ ಬಾಗಿಲ ಹಿಂದೆ ಬಂದು ತಮ್ಮನನ್ನು ನೋಡಿಕೊಳ್ಳುತ್ತಿದ್ದಳು.

"ಸೆಲ್ ಯಾಕೆ ಕೊಟ್ಟೆ ಕಂದ?" ಎಂದು ಕೇಳಿದಳು.

"ತಮ್ಮ ಒದೀತಿಲ್ಲ" ಎಂದಳು ಬುಗುರಿ. ತಾತ ಗಿರಾಕಿಗಳಿಗೆ ಹೇಳುವ ಗಾಂಭೀರ್ಯದಲ್ಲೇ ಮುಂದುವರಿಸಿದಳು, "ಸೆಲ್ ಹೋಗಿದೆ. ಹಾಕಿದ್ರೆ ಎದ್ದೇಳುತ್ತೆ."

ಸೊಸೆ ಮಗಳನ್ನು ಎಳೆದು ತಬ್ಬಿಕೊಂಡಳು. ಎಷ್ಟು ದಿನದಿಂದ ಹೆದರಿಕೊಂಡು ತಿರುಗುತ್ತಿದ್ದಳೋ ಆ ಹೆದರಿಕೆಯೆಲ್ಲ ಅಳುವಾಗಿ ಬಂತು, ಅಳುವಿನ ಮಧ್ಯೆ ನಗು ಬಂತು. ಬುಗುರಿ ಉಸಿರುಕಟ್ಟಿ ಕೊಸರಾಡಿದಳು. ಮಾವ ಕಣ್ಣು ಒರೆಸಿಕೊಂಡು ಮುಂದೆ ಬಂದು ಮೊಮ್ಮಗಳ ಎದುರು ಮಂಡಿಯೂರಿದರು.

"ತಮ್ಮ ಈಗ ಅಲ್ಲಿಲ್ಲಮ್ಮ. ಆಚೆ ಬಂದು ಎಷ್ಟೋ ದಿನ ಆಯ್ತು."

"ಎಲ್ಲಿ?"

ಮಾವ ಇದುವರೆಗೆ ಪಾಪುವನ್ನು ತಾವಾಗಿ ಎತ್ತಿಕೊಂಡವರಲ್ಲ. ಇಷ್ಟು ಸಣ್ಣದು ತನ್ನ ಕೈಯಲ್ಲಿ ಏನಾದೀತೋ ಎಂದು ದೂರದಿಂದಲೇ ನೋಡುತ್ತಿದ್ದರು. ಈಗ ಹೋಗಿ ತೊಟ್ಟಿಲಿನಿಂದ ಎತ್ತಿಕೊಂಡು ಬಂದು ಹಾಸಿಗೆಯ ಮೇಲೆ ಮಲಗಿಸಿ, ಸುತ್ತಿದ ಬಟ್ಟೆ ಬಿಡಿಸಿದರು. "ಇಗೋ, ಇವನೇ."

ಬುಗುರಿ ಪಾಪುವನ್ನು ನೋಡಿದಳು. ತಾತನನ್ನು ನೋಡಿದಳು. "ಇದು ಪಾಪು."

"ಪಾಪು ಅಂದ್ರೂ ಇವನೇ, ತಮ್ಮ ಅಂದ್ರೂ ಇವನೇ."

ಅವಳು ಸುಲಭಕ್ಕೆ ನಂಬುವವಳಲ್ಲ. ಬಾಗಿಲ ಹಿಂದೆ ಹೋಗಿ ಖಾಲಿ ಜೇಬಿನಲ್ಲಿ ಕೈಯಾಡಿಸಿ ಬಂದಳು. ಹಾಸಿಗೆ ಹತ್ತಿ, ಪಾಪುವಿನ ಕಾಲ ಹತ್ತಿರ ಕೂತು ಅಂಗೈ ಚಾಚಿ ಹಿಡಿದಳು, ಹಿಂದೆ ಅಮ್ಮನ ಹೊಟ್ಟೆಯ ಮೇಲೆ ಇಟ್ಟುಕೊಂಡು ಕಾಯುತ್ತಿದ್ದಳಲ್ಲ, ಹಾಗೆ. ಬಟ್ಟೆಯ ಬಿಗಿ ತಪ್ಪಿದ ಖುಷಿಗೆ ಪಾಪು ಸೈಕಲ್ ತುಳಿದಂತೆ ಕಾಲಾಡಿಸಿತು. ಹಿಮ್ಮಡಿ ಅಂಗೈಗೆ ಬಡಿಯಿತು. ಇನ್ನೊಮ್ಮೆ ಬಡಿಯಿತು.

"ಒದ್ದ" ಎಂದಳು ಬುಗುರಿ, ಬಹಳ ಮೆಲ್ಲಗೆ. ಆಮೇಲೆ ಹುಬ್ಬು ಗಂಟಿಕ್ಕಿ ಇಬ್ಬರನ್ನೂ ನೋಡಿ, "ನಂಗೆ ಯಾರೂ ಹೇಳ್ಲೇ ಇಲ್ಲ" ಎಂದಳು.

ಹೌದಲ್ಲ, ಯಾರೂ ಹೇಳಿರಲಿಲ್ಲ. ಎಲ್ಲರಿಗೂ ಗೊತ್ತಿರುವುದು ಅವಳಿಗೂ ಗೊತ್ತಿದೆ ಎಂದುಕೊಂಡಿದ್ದರು.

ಆ ಮಧ್ಯಾಹ್ನ ಸೊಸೆ ಅನ್ನ ಉಂಡ ತಟ್ಟೆಯನ್ನೂ ತೊಳೆಯದೆ ಮಲಗಿ, ಹೊಡೆದು ಹಾಕಿದಂತೆ ನಿದ್ದೆಹೋದಳು. ಎಚ್ಚರವಾದಾಗ ಬಿಸಿಲು ಇಳಿದಿತ್ತು. ಹೆದರಿ ಎದ್ದು ಕೂತರೆ, ನಡುಮನೆಯಲ್ಲಿ ಮಾವ ಪಾಪುವನ್ನು ಭುಜಕ್ಕೆ ಹಾಕಿಕೊಂಡು ಶತಪಥ ತಿರುಗುತ್ತಿದ್ದರು. ಹಿಂದೆಯೇ ಬುಗುರಿ.

"ಎಬ್ಬಿಸಬಾರ್ದಿತ್ತಾ ಮಾವ?"

"ಯಾಕೆ ಎಬ್ಬಿಸೋದು. ಮಲಗು ಇನ್ನೊಂದು ಗಳಿಗೆ" ಎಂದರು ಮಾವ. ನಡುವೆ ಬುಗುರಿಯನ್ನು ಕಳಿಸುವ ಯೋಚನೆ ಇಬ್ಬರಿಗೂ ಬರಲಿಲ್ಲ.

ಮರುದಿನ ಬೆಳಗ್ಗೆ ಗಂಡ ಬಂದ. ಚೀಲ ಇಳಿಸುವ ಮೊದಲೇ ಮೂವರೂ ಒಟ್ಟಿಗೆ ಕಥೆ ಹೇಳಲು ಹೊರಟು, ಅವನಿಗೆ ತಲೆಬುಡ ತಿಳಿಯಲಿಲ್ಲ. ಬುಗುರಿಯ ಕಥೆಯಲ್ಲಿ ಇದ್ದದ್ದು ಬರೀ ಕೋಟುಗಳು. ಎರಡನೆಯ ಸಲ ಕೇಳಿದಾಗ ಅವನ ಮುಖ ಬಿಳಿಚಿತು. ಮೂರನೆಯ ಸಲ ಅವನಿಗೆ ನಗು ಬಂತು. "ನೀವು ನಗ್ತೀರಾ, ನಿಮಗೇನು ಗೊತ್ತು ನಮ್ಮ ಪಾಡು" ಎಂದು ಹೆಂಡತಿ ಸಿಡುಕಿದಳು. ಆಮೇಲೆ ಆ ಟಿಚ್ ಬಟನ್ನಿನ ವಿಷಯ ಹೇಳುತ್ತ ಹೇಳುತ್ತ ತಾನೂ ನಕ್ಕಳು. ಹೆಸರು ಇವತ್ತೇ ಇಟ್ಟುಬಿಡೋಣ, ಯಾವುದಾದರೂ ಸರಿ ಎಂದು ಇಬ್ಬರೂ ಒಪ್ಪಿ, ಯಾವುದು ಎಂಬಲ್ಲಿ ಮತ್ತೆ ಜಗಳಕ್ಕೆ ಬಿದ್ದರು.

ಪಾಪುವಿನ ಸ್ನಾನದ ಹೊತ್ತಿಗೆ ಬುಗುರಿ ತನಗೂ ಒಂದು ಮಣೆ ಹಾಕಿಸಿಕೊಂಡು ಬಚ್ಚಲ ಬಾಗಿಲಲ್ಲಿ ಕೂತಳು. ಆಚೆ ಹೋಗು ಎಂದು ಅಮ್ಮ ಹೇಳಲಿಲ್ಲ. ಸೋಪಿನ ಡಬ್ಬಿ ಹಿಡಿದುಕೋ ಎಂದಳು. ಬುಗುರಿ ಹಿಡಿದುಕೊಂಡು, ಕಾಲು ಚಾಚಿ ಮಲಗಿದ ತಮ್ಮನ ಉಬ್ಬಿದ ಹೊಟ್ಟೆಯನ್ನೇ ನೋಡುತ್ತ ಕೂತಳು. ಬಹಳ ಹೊತ್ತು ಯೋಚಿಸಿದ ಮೇಲೆ ಒಂದು ಬೆರಳಿನಿಂದ ಅದನ್ನು ಮುಟ್ಟಿದಳು.

"ಅಮ್ಮಾ, ತಮ್ಮನ ಹೊಟ್ಟೇಲಿ ಯಾರಿದಾರೆ?"

"ಯಾರೂ ಇಲ್ಲ ಕಂದ. ಬರೀ ಹಾಲು" ಎಂದಳು ಅಮ್ಮ. ಮಗನ ಮೈಗೆ ಬಿಸಿನೀರು ಹುಯ್ಯುತ್ತ, ನಗುವಿನಿಂದ ಕೈ ಅಲುಗದಂತೆ ಚೆಂಬನ್ನು ಬಿಗಿಯಾಗಿ ಹಿಡಿದುಕೊಂಡಳು.